ಮೂಲೆ ರೂಮಿನ ಬಾಗಿಲು

ಸೆಪ್ಟೆಂಬರ್ 9, ಮಂಗಳವಾರ

ಡ್ರೆಸ್ಸಿಂಗ್ ಆಯಿತು. ಇವತ್ತೂ ಕೀವು. ಬಿಚ್ಚಿದ ಬಟ್ಟೆ ನನಗೆ ಕಾಣದಿರಲಿ ಎಂದು ಸುವರ್ಣಮ್ಮ ಸಿಸ್ಟರ್ ಅಡ್ಡ ನಿಂತರು. ವಾಸನೆಗೆ ಅಡ್ಡ ನಿಲ್ಲಲು ಆಗುತ್ತದೆಯೇ.

ಮಧ್ಯಾಹ್ನ ಡಾಕ್ಟರ್ ಮಲ್ಲಿಕಾರ್ಜುನ್ ಬಂದು ಆಂಟಿಬಯೋಟಿಕ್ ಎಲ್ಲ ನಿಲ್ಲಿಸಿಬಿಟ್ಟರು. ಗಾಬರಿಯಾಯಿತು. ಒಳಗೆ ಕ್ರಿಮಿ ಇದೆ ಅನ್ನುವವರೂ ಇವರೇ, ಔಷಧಿ ಬೇಡ ಅನ್ನುವವರೂ ಇವರೇ. ಯಾಕೆ ಎಂದು ಕೇಳಿಯೇಬಿಟ್ಟೆ.

"ಈಗ ಅವು ಅಡಗಿ ಕುಂತಾವ್ರಿ. ಔಷಧಿ ನಡೀತಿರುವಾಗ ಟೆಸ್ಟ್ ಮಾಡಿದ್ರ ಲ್ಯಾಬಿನ್ಯಾಗ ಏನೂ ಬೆಳಿಯಂಗಿಲ್ಲ. ಸ್ವಲ್ಪ ದಿನ ತಡೀರಿ. ಆಮ್ಯಾಲೆ ಎಲುಬಿನ ಚೂರು ತಗದು ಕಳಸೋಣು. ಯಾವ ಕ್ರಿಮಿ, ಯಾವ ಔಷಧಿಗೆ ಬಗ್ಗತೈತಿ, ಗೊತ್ತಾಗಬೇಕಲ್ಲ."

ಜೂನ್‌ನಲ್ಲಿ ಕಡ್ಡಿರಾಂಪುರದ ಹತ್ತಿರ ಬಸ್ಸಿಳಿದು ಡ್ರೈವರ್‌ಗೆ ರಿವರ್ಸ್ ಹೇಳುತ್ತಿದ್ದೆ. ಹಿಂದಿನಿಂದ ಬೈಕ್ ಗುದ್ದಿತು. ಮೊಣಕಾಲ ಕೆಳಗಿನ ಎಲುಬು ಚರ್ಮ ಹರಿದು ಹೊರಗೆ ಬಂತು. ಪ್ಲೇಟ್ ಹಾಕಿದ್ದೂ ಇದೇ ಆಸ್ಪತ್ರೆಯಲ್ಲಿ. ಮನೆಗೆ ಹೋದ ಮೇಲೆ ಗಾಯ ಒಸರತೊಡಗಿತು. ಮೆಡಿಕಲ್ ಶಾಪಿನ ಗುಳಿಗೆ ತಿಂದರೆ ಒಣಗುತ್ತಿತ್ತು, ಬಿಟ್ಟರೆ ಮತ್ತೆ ಒಸರು. ಪ್ರತಿ ಸಲ ಇನ್ನೂ ಸ್ಟ್ರಾಂಗ್ ಕೊಡ್ರಿ ಅನ್ನುತ್ತಿದ್ದೆ. ಕೊಡುತ್ತಿದ್ದರು.

ಈಗ ಈ ಮೂಲೆ ರೂಮು.

ಸೆಪ್ಟೆಂಬರ್ 14, ಭಾನುವಾರ

ಜ್ವರ. ಕಾಲು ಬಿಗಿದು ಹೊಳೆಯುತ್ತಿದೆ. ಔಷಧಿ ಇಲ್ಲದೆ ಸುಮ್ಮನೆ ಮಲಗುವುದೇ ಒಂದು ಚಿಕಿತ್ಸೆಯಂತೆ.

ಸಂಡೂರಿನಿಂದ ತಮ್ಮ ಪ್ರವೀಣನ ಫೋನು. ಮನೆಯಲ್ಲಿ ಬಾಣಂತಿ, ಹಸುಗೂಸು — ಆಸ್ಪತ್ರೆಯಿಂದ ಏನಾದರೂ ಹೊತ್ತುಕೊಂಡು ಹೋದರೆ ಎಂಬ ಹೆದರಿಕೆ. ಬರಬೇಡ ಎಂದೆ. ಅವನು ಎರಡನೇ ಸಲ ಕೇಳಲಿಲ್ಲ.

ಹೊಸಪೇಟೆ–ಕಂಪ್ಲಿ ರೂಟಿನಲ್ಲಿ ಇಷ್ಟು ವರ್ಷ ಕಂಡಕ್ಟರ್. ಬಸ್ಸು ತುಂಬ ಹೆಂಗಸರು, ಬೆನ್ನಿಗೊಬ್ಬರು ಎದೆಗೊಬ್ಬರು. ಸರೀರಿ ಸರೀರಿ ಎಂದು ನೂಕಿಕೊಂಡೇ ಟಿಕೆಟ್ ಹರಿಯುತ್ತಿದ್ದೆ. ಯಾವಾಗ ಡ್ಯೂಟಿ ಮುಗಿದು ಒಬ್ಬಳೇ ಕೂತೇನು ಅನಿಸುತ್ತಿತ್ತು.

ಸೆಪ್ಟೆಂಬರ್ 17, ಬುಧವಾರ

ನಿನ್ನೆ ಆಪರೇಷನ್. ಪ್ಲೇಟ್ ತೆಗೆದರು. ಕಾಲಿನ ಹೊರಗೆ ಕಬ್ಬಿಣದ ಕಂಬಿ ಕೂರಿಸಿದ್ದಾರೆ, ಎಲುಬಿಗೇ ಮೊಳೆ ಹೊಡೆದು. ಚೂರುಗಳು ಲ್ಯಾಬಿಗೆ ಹೋದವು. ರಿಪೋರ್ಟ್ ಬರುವವರೆಗೆ ಅಂದಾಜಿನ ಮೇಲೆ ಇಂಜೆಕ್ಷನ್. ಬರೆಯಲು ಆಗುತ್ತಿಲ್ಲ...

ಸೆಪ್ಟೆಂಬರ್ 23, ಮಂಗಳವಾರ. ಬೆಳಿಗ್ಗೆ 11

ಒಬ್ಬ ಮುದುಕಿ ವಾಕರ್ ತಳ್ಳಿಕೊಂಡು ಸೀದಾ ಒಳಗೆ ಬಂದಳು. ಊರಮ್ಮ, ಕಮಲಾಪುರದವಳು. ಬಾಳೆತೋಟದಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದಿದೆ. ಹೊಸದು ಹಾಕಿ ಇನ್ನೂ ವಾರವಾಗಿಲ್ಲ. ಕಾರಿಡಾರಿನಲ್ಲಿ ನಡೆಸಲು ಕರೆತಂದ ಸೊಸೆ ಫೋನಿನಲ್ಲಿದ್ದಳು, ಈಕೆ ಇತ್ತ ಹೊರಳಿದಳು.

ಯಾರೂ ಬಂದಿಲ್ಲವೇ ಎಂದು ಕೇಳಿದಳು. ಬರುತ್ತಾರೆ ಎಂದೆ. ನನ್ನ ಜಡೆಗಟ್ಟಿದ ಕೂದಲು ನೋಡಿ, ಕಿಟಕಿಯ ಮೇಲಿದ್ದ ಬಾಚಣಿಗೆ ತೆಗೆದುಕೊಂಡಳು. ಒಂದು ಕೈಯಲ್ಲಿ ವಾಕರ್, ಒಂದು ಕೈಯಲ್ಲಿ ನನ್ನ ತಲೆ. ಸಿಕ್ಕು ಬಿಡಿಸುವಾಗ ನೋಯಿತು. ನಿಲ್ಲಿಸಬೇಡ ಅನಿಸಿತು.

ಗ್ಲೌಸಿಲ್ಲದ ಕೈ. ಎಷ್ಟು ಕಾಲದ ಮೇಲೆ.

ಸೆಪ್ಟೆಂಬರ್ 25, ಗುರುವಾರ

ರಿಪೋರ್ಟ್ ಬಂತು. ಸಾಮಾನ್ಯ ಔಷಧಿ ಯಾವುದಕ್ಕೂ ಬಗ್ಗದ ಕ್ರಿಮಿ. ಒಂದೇ ಒಂದು ಇಂಜೆಕ್ಷನ್ ಕೆಲಸ ಮಾಡಬಹುದು, ಅದು ಕಿಡ್ನಿಗೆ ಭಾರ. ಕಾಲು ಉಳಿಯುತ್ತದಾ ಎಂದು ಕೇಳಿದೆ. ಡಾಕ್ಟರ್ ನೋಡೋಣ ಅನ್ನಲಿಲ್ಲ. ಉಳಿಸಾಕ ನೋಡ್ತೀನ್ರಿ ಅಂದರು. ಎರಡಕ್ಕೂ ಏನು ವ್ಯತ್ಯಾಸವೋ, ಅದನ್ನೇ ಹಿಡಿದುಕೊಂಡಿದ್ದೇನೆ.

ಬಾಗಿಲಿಗೆ ಕೆಂಪು ಚೀಟಿ ಅಂಟಿಸಿದರು. ಒಳಗೆ ಬರುವವರಿಗೆ ಏಪ್ರನ್, ಗ್ಲೌಸ್. ಹೊಸ ಕೀಲು ಹಾಕಿಸಿಕೊಂಡವರು ಹತ್ತಿರವೂ ಸುಳಿಯಬಾರದು ಎಂದರು ಸಿಸ್ಟರ್. ಊರಮ್ಮ ಬಂದದ್ದು, ತಲೆ ಬಾಚಿದ್ದು, ನಿನ್ನೆಯೂ ಬಂದದ್ದು, ಎಲ್ಲ ಹೇಳಿಬಿಟ್ಟೆ. ಅವಳಿಗೆ ಹತ್ತಿದರೆ ಏನಾಗುತ್ತದೆ?

"ಹೊಸಾ ಕೀಲು ತಗೀಬೇಕಾಗ್ತೈತಿ. ಆ ವಯಸ್ಸಿಗೆ, ಆ ಸಕ್ಕರಿ ಕಾಯಿಲಿಗೆ... ಬ್ಯಾಡ ಬಿಡು, ಹೋಗಿ ನೋಡಿ ಬರ್ತೀನಿ."

ಊರಮ್ಮನ ಗಾಯ ಶುದ್ಧವಾಗಿದೆಯಂತೆ. ಆದರೂ ದಿನಾ ಕಣ್ಣಿಡುತ್ತಾರಂತೆ. ಅವಳಿಗೂ ಸೊಸೆಗೂ ಇತ್ತ ಬರಬಾರದೆಂದು ಹೇಳಿದ್ದಾರೆ.

ಸಂಜೆ ವಾಕರ್ ಸದ್ದು ಹೊಸ್ತಿಲವರೆಗೆ ಬಂತು.

"ಏನ್ ಮೈಲಿಗೇನ ಯವ್ವಾ ನೀನು? ಈಗ ಯಾರು ಮಾಡ್ತಾರ ಅದನ್ನ?"

ಮೈಲಿಗೆಯಲ್ಲ, ಕ್ರಿಮಿ ಎಂದೆ. ಕಣ್ಣಿಗೆ ಕಾಣಸ್ತಾವೇನು ಎಂದಳು. ಅಷ್ಟರಲ್ಲಿ ಸೊಸೆ ಬಂದು ಕರೆದುಕೊಂಡು ಹೋದಳು.

ಅಕ್ಟೋಬರ್ 2, ವಿಜಯದಶಮಿ

ನಿನ್ನೆ ಇಡೀ ದಿನ ಕಿಟಕಿಯ ಕೆಳಗೆ ನಮ್ಮ ಬಸ್ಸುಗಳು. ಮುಂದೆ ಬಾಳೆಕಂದು, ಚೆಂಡುಹೂವಿನ ಮಾಲೆ. ಡಿಪೋದಲ್ಲಿ ಪೂಜೆಗೆ ಯಾರು ನಿಂತರೋ. ಒಂದು ಮೆಸೇಜೂ ಇಲ್ಲ.

ಇವತ್ತು ಸ್ಟಾಫ್ ಕಡಿಮೆ. ಕಾರಿಡಾರ್ ಖಾಲಿ. ಮಧ್ಯಾಹ್ನ ವಾಕರ್ ಸದ್ದು. ಊರಮ್ಮ ಹೊಸ ಸೀರೆ ಉಟ್ಟಿದ್ದಳು. ಸೆರಗಿನಲ್ಲಿ ಬನ್ನಿ ಎಲೆ.

"ಬನ್ನಿ ತಗೋ ಯವ್ವಾ. ಬಂಗಾರದಂಗ ಇರೋಣು."

ಅಲ್ಲೇ ನಿಲ್ಲು ಅವ್ವಾ ಎಂದೆ. ನಗುತ್ತಲೇ ಬಂದಳು. ಹಬ್ಬದ ದಿನ ಬರಿಗೈಲಿ ಇರಬಾರದು ಅನ್ನುತ್ತಾ ಬಂದಳು. ಬೆಲ್ ಒತ್ತಿದೆ, ಯಾರೂ ಬರಲಿಲ್ಲ. ಕಂಬಿ ಹೊತ್ತ ಕಾಲು, ಎದ್ದು ಹೋಗಿ ತಡೆಯುವಂತಿಲ್ಲ. ಅವಳ ಕೈ ಮಂಚದವರೆಗೆ ಬಂತು. ನನ್ನ ಕೈ ತಾನಾಗಿಯೇ ಎದ್ದಿತ್ತು. ಹಿಂದಕ್ಕೆಳೆದು ಬೆನ್ನಡಿ ಇಟ್ಟುಕೊಂಡೆ.

"ಎಷ್ಟ್ ಸಲ ಹೇಳ್ಬೇಕು ನಿನಗ? ನೀ ಬರೋದು ನನಗ ಬೇಕಾಗಿಲ್ಲ. ಹೋಗು ಹೊರಗ."

ನಿಂತಳು. ಬಾಯಿ ಸ್ವಲ್ಪ ತೆರೆದೇ ಇತ್ತು. ಎಲೆಗಳನ್ನು ಮತ್ತೆ ಸೆರಗಿಗೆ ಕಟ್ಟಿಕೊಳ್ಳಲು ನೋಡಿದಳು. ಒಂದೇ ಕೈ, ಆಗಲಿಲ್ಲ. ಅರ್ಧ ನೆಲಕ್ಕೆ ಬಿದ್ದವು. ಬಗ್ಗಬಾರದಲ್ಲ ಅವಳು — ಹಾಗೇ ಬಿಟ್ಟು ತಿರುಗಿ ಹೋದಳು.

ಬಹಳ ಹೊತ್ತಿನ ಮೇಲೆ ಸಿಸ್ಟರ್ ಬಂದರು. ಅವಳ ಕೈ ತೊಳೆಸಿ, ವಾಕರ್ ಒರೆಸಿ ಬನ್ರಿ ಎಂದೆ. ಅವರು ಹೋದ ಮೇಲೆ ಅತ್ತುಬಿಟ್ಟೆ.

ಅಕ್ಟೋಬರ್ 4, ಶನಿವಾರ

ಊರಮ್ಮ ಡಿಸ್ಚಾರ್ಜ್. ಬಾಗಿಲು ಮುಚ್ಚಿತ್ತು. ವಾಕರ್ ಸದ್ದು ನನ್ನ ಬಾಗಿಲ ಮುಂದೆ ನಿಲ್ಲಲಿಲ್ಲ.

ರಕ್ತದ ರಿಪೋರ್ಟಿನಲ್ಲಿ ಕಿಡ್ನಿಗೆ ಪೆಟ್ಟು ಬೀಳುತ್ತಿರುವುದು ಕಾಣುತ್ತಿದೆ. ಡೋಸ್ ಇಳಿಸಿದ್ದಾರೆ. ಇಳಿಸಿದರೆ ಕ್ರಿಮಿಗೆ ಸಾಕೇ? ಡಾಕ್ಟರ್‌ಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದೇ ಹೇಳಿದರು.

ಊಟ ಸೇರುತ್ತಿಲ್ಲ.

ಅಕ್ಟೋಬರ್ 10, ಶುಕ್ರವಾರ. ಮಧ್ಯಾಹ್ನ

ಮೂರ್ನಾಲ್ಕು ದಿನದಿಂದ ಡ್ರೆಸ್ಸಿಂಗ್ ಒಣಗಿಯೇ ಬರುತ್ತಿದೆ. ಕಿಡ್ನಿ ಇದ್ದಲ್ಲೇ ಇದೆ, ಇನ್ನಷ್ಟು ಕೆಟ್ಟಿಲ್ಲ. ಡಾಕ್ಟರ್ ಇವತ್ತು ಕುರ್ಚಿ ಎಳೆದು ಕೂತರು. ಕಾಲು ಉಳಿಯುತ್ತದೆ ಎಂದರು. ಸ್ವಲ್ಪ ಗಿಡ್ಡವಾಗಬಹುದು. ಬಸ್ಸಿನ ಡ್ಯೂಟಿ ಕಷ್ಟ, ಆಫೀಸ್ ಕೆಲಸ ಕೇಳಿಕೊಳ್ರಿ ಎಂದರು. ತಲೆಯಾಡಿಸಿದೆ. ಯಾರಿಗೆ ಹೇಳಲಿ ಎಂದು ಫೋನ್ ಹಿಡಿದು, ಹಾಗೇ ಕೆಳಗಿಟ್ಟೆ.

ಊರಮ್ಮ ಹೊಲಿಗೆ ಬಿಚ್ಚಿಸಲು ಕೆಳಗೆ ಬಂದಿದ್ದಳು, ಸಿಸ್ಟರ್ ಹೇಳಿದರು. ಗಾಯ ಚೆನ್ನಾಗಿ ಕೂಡಿದೆ. ಕೀವಿಲ್ಲ, ಕೆಂಪಿಲ್ಲ, ಜ್ವರವಿಲ್ಲ. ನನ್ನನ್ನು ಕೇಳಿದಳಾ ಎಂದೆ. ಸಿಸ್ಟರ್ ಟ್ರೇ ಜೋಡಿಸುತ್ತಾ ಇದ್ದರು.

ಮಂಚವನ್ನು ಕಿಟಕಿಯ ಪಕ್ಕಕ್ಕೆ ಸರಿಸಿಕೊಟ್ಟರು. ಕೆಳಗೆ ಗೇಟಿನ ಹತ್ತಿರ ಆಟೋ. ಅವಳು ಕೋಲೂರಿ ಬರುತ್ತಿದ್ದಳು. ಸೊಸೆ ಹಿಂದೆ. ಕಿಟಕಿ ತೆಗೆದು ಕೂಗಿದೆ — ಅವ್ವಾ. ಮತ್ತೊಮ್ಮೆ. ನಿಂತಳು. ಒಂದೊಂದೇ ಕಿಟಕಿ ನೋಡುತ್ತಾ ಬಂದು ನನ್ನದರಲ್ಲಿ ನಿಂತಳು. ನಗಲಿಲ್ಲ. ಸೊಸೆ ಕೈ ಹಿಡಿದು ಆಟೋ ಕಡೆ ಎಳೆದರೂ ಹತ್ತಲಿಲ್ಲ. ಏನೋ ಕೇಳಿದಳು, ಲಾರಿ ಸದ್ದಿನಲ್ಲಿ ಕೇಳಿಸಲಿಲ್ಲ. ಆಗ ಬೆರಳು ಜೋಡಿಸಿ ಬಾಯಿಯ ಹತ್ತಿರ ಒಯ್ದು ತೋರಿಸಿದಳು — ಉಂಡೆಯಾ?

ಹೂಂ ಎಂದು ತಲೆಯಾಡಿಸಿದೆ. ಸುಳ್ಳು. ಬೆಳಗಿನಿಂದ ಏನೂ ತಿಂದಿರಲಿಲ್ಲ.

ಆಟೋ ಹೋಯಿತು. ತಟ್ಟೆ ಎಳೆದುಕೊಂಡಿದ್ದೇನೆ. ರೊಟ್ಟಿ ಬಿರುಸಾಗಿದೆ, ಪಲ್ಯದಲ್ಲಿ ನೆನೆಸಿದರೆ ಇಳಿದೀತು.