ನಗೆಯಿದ್ದಲ್ಲಿ ಖಾಲಿ ಚೌಕ

ಇಸವಿ ಎರಡು ಸಾವಿರದ ಇನ್ನೂರ ಹದಿಮೂರು, ಬಿರುಬಿಸಿಲಿನ ಎರಡನೆಯ ತಿಂಗಳು.
ಸೇಡಂ ಸೀಮೆಯ ಫರಸಿಗಣಿ, ಕೆಳಗಿನ ಅಂಕಣ.

ಹುಣಸೆಬೀಜ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ನಮ್ಮ ಮನೆತನದ ಹಿರಿಯಳಿಗೆ ಗುರುಸಿದ್ಧವ್ವ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ ಯಾರೋ ಕೀಟಲೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡ, ತಾಯಿ. ನಿಮ್ಮ ಅಂತರ್ಜಾಲದ ಹರಟೆಕಟ್ಟೆಯಾದ ಬೆಸುಗೆಕಟ್ಟೆಯಲ್ಲಿ ಕೀಟಲೆಗೆ ಬರವಿರಲಿಲ್ಲ ಎಂಬುದು ನನಗೆ ಗೊತ್ತು. ನನ್ನ ಮಾತು ನಿನಗೆ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ. ನಾನು ಶಾಲೆ ಕಂಡವಳಲ್ಲ, ನಮ್ಮಲ್ಲಿ ಶಾಲೆ ಎನ್ನುವುದೇ ಇಲ್ಲ. ಓದು ಬರಹ ಕಲಿತದ್ದು ಅಲ್ಲಿ ನೀವು ಬರೆದಾಡಿದ ಜಗಳಗಳಿಂದ. ಹಾಗಾಗಿ ಒಂದೊಂದು ಕಡೆ ಮರ್ಯಾದೆ ಅತಿಯಾಗಿ, ಇನ್ನೊಂದು ಕಡೆ ಏನೂ ಇಲ್ಲದೆ ಹೋಗಬಹುದು. ನೀನು ನನಗಿಂತ ಎಷ್ಟೋ ತಲೆಮಾರು ಹಿರಿಯಳು. ಆದರೆ ಆ ಮಾತುಗಳನ್ನು ಬರೆಯುವಾಗ ನಿನಗೆ ನನ್ನ ಮೊಮ್ಮಗಳ ವಯಸ್ಸು ಇದ್ದಿರಬೇಕು. ಕಾಲಿಗೆ ಬೀಳಬೇಕೋ ತಲೆ ನೇವರಿಸಬೇಕೋ ತಿಳಿಯದೆ ನೀನು ಎಂದೇ ಕರೆಯುತ್ತಿದ್ದೇನೆ. ನಿನ್ನ ನಿಜವಾದ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ. ಹುಣಸೆಬೀಜ ನಮ್ಮಾಕಿ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು, ಅವಳಿಗೆ ಅವಳ ಅಜ್ಜಿ ಹೇಳಿದ್ದಳು. ಅಷ್ಟೇ ಪುರಾವೆ.

ನಿಮ್ಮ ಮನೆಗಳ ನೆಲಕ್ಕೆ ಹಾಸಲು ಫರಸಿಕಲ್ಲು ಕೊಯ್ದು ಖಾಲಿ ಮಾಡಿದ ಗಣಿಗಳಿವೆಯಲ್ಲ, ನಾವು ಅವುಗಳ ಒಳಗೆ ಅಂಕಣ ಅಂಕಣವಾಗಿ ಮನೆ ಮಾಡಿಕೊಂಡು ಬಾಳುತ್ತೇವೆ. ಮೇಲೆ ಸೂರ್ಯ ಏರಿದ ಮೇಲೆ ಯಾರೂ ನಿಲ್ಲುವಂತಿಲ್ಲ. ನಸುಕಿನಲ್ಲಿ ಮೇಲೆ ಹೋಗಿ ನೆರಳುಬಟ್ಟೆಯ ಕೆಳಗಿನ ಜೋಳ, ಸಜ್ಜೆಗೆ ನೀರು ಹಾಯಿಸಿ, ಬೆಳಕು ಬಲಿಯುವ ಮುಂಚೆ ಇಳಿದುಬಿಡುತ್ತೇವೆ. ಗಣಿಯ ಬಾಯಿಗೆ ಕಲ್ಲು ಮುಚ್ಚಿದ ಮೇಲೆ ಒಳಗೆ ತಂಪು. ರೊಟ್ಟಿ ಬಡಿಯುವ ಸದ್ದು ಒಂದು ಅಂಕಣದಿಂದ ಇನ್ನೊಂದಕ್ಕೆ ಕೇಳುತ್ತದೆ. ಒಬ್ಬರ ಮನೆಯ ಒಗ್ಗರಣೆ ಎಲ್ಲರ ಮೂಗಿಗೂ ಬರುತ್ತದೆ. ಬರಬೇಕು ಕೂಡ, ಬರಲಿಲ್ಲ ಎಂದರೆ ಗಾಳಿ ನಿಂತಿದೆ ಎಂದು ಅರ್ಥ. ಗಾಳಿ ತರುವುದು ಗಾಳಿಪೆಟ್ಟಿಗೆ. ಅದು ಹೊರಗಿನ ಬಿಸಿಯನ್ನು ಅಳೆದು, ಯಾವ ಕಿಂಡಿ ಯಾವಾಗ ತೆರೆಯಬೇಕು ಎಂದು ತಾನೇ ತೀರ್ಮಾನಿಸುವ ಯಂತ್ರ. ಅದರ ಹೊಟ್ಟೆಯಲ್ಲಿರುವುದು ನಿಮ್ಮ ಕಾಲದ ಒಂದು ಅಂಗೈಯಗಲದ ಬೋರ್ಡು. ಅದಕ್ಕೆ ಬುದ್ಧಿ ತುಂಬಿದವರು ನೀವು, ಬೆಸುಗೆಕಟ್ಟೆಯ ಜನ. ಒಬ್ಬರ ಮುಖ ಒಬ್ಬರು ನೋಡದೆ, ಯಾರೂ ಕೇಳದೆ, ಬೈದಾಡಿಕೊಂಡೇ ತುಂಬಿದಿರಿ.

ಜಾಲ ಸತ್ತು ಹೋಗುವ ಮುಂಚೆ ಯಾರೋ ಪುಣ್ಯವಂತರು ಬೆಸುಗೆಕಟ್ಟೆಯನ್ನು ಇಡಿಯಾಗಿ ಇಳಿಸಿಕೊಂಡಿದ್ದರು. ಆ ಪ್ರತಿ ನಮ್ಮ ಗೋಡೆಹಲಗೆಯ ಮೇಲೆ ಇಂದಿಗೂ ಮೂಡುತ್ತದೆ. ಆದರೆ ಇಳಿಸಿಕೊಂಡ ಯಂತ್ರಕ್ಕೆ ಅಕ್ಷರ ಮಾತ್ರ ಗೊತ್ತಿತ್ತು. ಮಾತಿನ ಕೊನೆಗೆ ನೀವು ಪುಟ್ಟ ಮುಖಗಳನ್ನು ಇಡುತ್ತಿದ್ದಿರಂತೆ; ನಗುವವು, ಅಳುವವು, ಕಣ್ಣು ಹೊಡೆಯುವವು. ಅವೆಲ್ಲ ಖಾಲಿ ಚೌಕಗಳಾಗಿ ಉಳಿದಿವೆ. ಆ ಚೌಕಗಳನ್ನು ನೋಡುತ್ತ ಬೆಳೆದವಳು ನಾನು. ಎಲ್ಲರೂ ಎದ್ದುಹೋದ ಮನೆಯ ಕಿಟಕಿಗಳ ಹಾಗಿವೆ.

ನಮ್ಮಲ್ಲೊಂದು ಪದ್ಧತಿ ಇದೆ. ಹೊತ್ತು ಇಳಿದ ಮೇಲೆ ದೊಡ್ಡ ಅಂಕಣದಲ್ಲಿ ಎರಡು ಮೇಳ ಎದುರುಬದುರು ಕೂತು, ದಪ್ಪು ಬಡಿದು, ನಿಮ್ಮ ಜಗಳಗಳನ್ನು ಸವಾಲು ಜವಾಬು ಹಾಡುತ್ತೇವೆ. ಪ್ರತಿ ಮನೆಗೂ ಬೆಸುಗೆಕಟ್ಟೆಯ ಒಬ್ಬ ಅಪರಿಚಿತನ ಹೆಸರು ಬಳುವಳಿಯಾಗಿ ಬಂದಿರುತ್ತದೆ, ಅದಕ್ಕೆ ನುಡಿಹೊರೆ ಎನ್ನುತ್ತೇವೆ. ಹೊತ್ತವರು ಆ ಅಪರಿಚಿತನ ಸಾಲುಗಳನ್ನು ಬಾಯಿಪಾಠ ಮಾಡಿ, ಅವನ ಸಿಟ್ಟು, ಅವನ ಸೊಕ್ಕು ಎಲ್ಲವನ್ನೂ ಹೊರಬೇಕು. ಹೊತ್ತವರು ವಾರಸುದಾರರಿಲ್ಲದೆ ತೀರಿಕೊಂಡರೆ ಆ ಹೆಸರೂ ಮುಗಿಯಿತು. ಅವರ ಸಾಲು ಬಂದಾಗ ಯಾರೂ ಬಾಯಿ ತೆರೆಯುವುದಿಲ್ಲ, ದಪ್ಪು ಮಾತ್ರ ಬಡಿಯುತ್ತದೆ. ಈಚೆಗೆ ದಪ್ಪಿನ ಸದ್ದೇ ಹೆಚ್ಚಾಗಿದೆ. ನಾನು ನಿನ್ನನ್ನು ಹೊತ್ತಿದ್ದೇನೆ. ಕೆಟ್ಟಮಿಕ್ಸಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ನಿನ್ನ ಎದುರಾಳಿಯನ್ನು ಪಕ್ಕದ ಅಂಕಣದ ಖಾಸಿಂಸಾಬ ಹೊತ್ತಿದ್ದಾನೆ. ನಮ್ಮಿಬ್ಬರ ಕೂದಲು ಬೆಳ್ಳಗಾದದ್ದು ನಿಮ್ಮಿಬ್ಬರ ಜಗಳದಲ್ಲೇ. ಮೇಳಕ್ಕೆ ಕೂರುವ ಮುಂಚೆ ಅವನು, "ಗುರವ್ವಕ್ಕ, ಇವತ್ತೂ ಸೋತು ಮನೀಗೆ ಹೋಗಾಕಿ ನೀ" ಎನ್ನುತ್ತಾನೆ. "ನಿನ್ನ ಮಿಕ್ಸಿ ಕೆಟ್ಟು ಯಾವ ಕಾಲ ಆತು, ಇನ್ನೂ ರಿಪೇರಿ ಮಾಡಿಸಿಲ್ಲಲ್ಲೋ" ಎನ್ನುತ್ತೇನೆ ನಾನು. ಮಿಕ್ಸಿ ಎಂದರೆ ಏನೆಂದು ನಮ್ಮಿಬ್ಬರಿಗೂ ಸರಿಯಾಗಿ ಗೊತ್ತಿಲ್ಲ.

ಹಾಡುವುದು ಬರೀ ಮೋಜಿಗಲ್ಲ, ತಾಯಿ. ಯಂತ್ರ ಕೆಟ್ಟಾಗ ಅದನ್ನು ಸರಿಮಾಡುವ ದಾರಿ ನಿಮ್ಮ ಜಗಳದೊಳಗೇ ಎಲ್ಲೋ ಇರುತ್ತದೆ. ಆದರೆ ನೀವು ನಿಜವನ್ನೂ ಚ್ಯಾಷ್ಟಿಯನ್ನೂ ಒಂದೇ ತಾಟಿನಲ್ಲಿ ಬಡಿಸಿಟ್ಟು ಹೋಗಿದ್ದೀರಿ. ಹಾಡಿ ನೋಡಿದರೆ ಜನ ನಕ್ಕದ್ದು ಚ್ಯಾಷ್ಟಿ, ನಗದದ್ದು ನಿಜ ಎಂದು ನಮ್ಮ ಹಿರಿಯರು ಒಂದು ಲೆಕ್ಕ ಇಟ್ಟುಕೊಂಡಿದ್ದರು. ತಗ್ಗಿನಗಣಿಯವರೂ ಹಾಗೇ ನಂಬಿದ್ದರು. ಅವರು ನಮ್ಮ ಬೀಗರ ಊರಿನವರು. ಅವರ ಗಾಳಿಪೆಟ್ಟಿಗೆ ನರಳತೊಡಗಿದಾಗ ಅದಕ್ಕೆ ಹೊಂದುವ ಜಗಳ ಹುಡುಕಿ ಹಾಡಿದರು. ಅದರಲ್ಲಿ ಒಬ್ಬರು, "ಬೆನ್ನಿಗೆ ಎರಡು ಬಿಡಿ, ಸರಿಹೋಗುತ್ತೆ" ಎಂದು ಬರೆದಿದ್ದರು. ಉಸಿರು ಕೊಡುವ ಯಂತ್ರಕ್ಕೆ ಹೊಡೆಯುವುದುಂಟೇ ಎಂದು ಎಲ್ಲರೂ ನಕ್ಕರು. ಇನ್ನೊಬ್ಬರು, "ವೈರುಗಳನ್ನೆಲ್ಲ ಬಿಚ್ಚಿ, ಚಾಪೆ ಮೇಲೆ ಹರವಿ, ಒಳ್ಳೆ ಗಳಿಗೆ ನೋಡಿ ಮತ್ತೆ ಜೋಡಿಸಿ" ಎಂದಿದ್ದರು. ಅದಕ್ಕೆ ಯಾರೂ ನಗಲಿಲ್ಲ. ಅವರ ಬದುಕಿನಲ್ಲಿ ಎಲ್ಲವನ್ನೂ ಹರವಿ, ಒಳ್ಳೆ ಗಳಿಗೆ ನೋಡಿಯೇ ಎತ್ತಿಡುತ್ತಿದ್ದರು. ನಮ್ಮವರು ಹೋಗಿ ಬಾಯಿಕಲ್ಲು ಸರಿಸಿದಾಗ ವೈರುಗಳು ಚಾಪೆಯ ಮೇಲೆ ಸಾಲಾಗಿ ಮಲಗಿದ್ದವು. ಜನರೂ ಅದರ ಸುತ್ತ ಕೂತೇ ಇದ್ದರು, ಗಳಿಗೆ ಕಾಯುತ್ತಿರುವವರ ಹಾಗೆ. ಪೆಟ್ಟಿಗೆಯ ರೆಕ್ಕೆಗೆ ಒಂದು ಕಲ್ಲಿನ ಚೂರು ಸಿಕ್ಕಿಕೊಂಡಿತ್ತಷ್ಟೆ. ಬೆನ್ನಿಗೆ ಒಂದು ಗುದ್ದಿದ್ದರೆ ಉದುರುತ್ತಿತ್ತು.

ಈಗ ನಮ್ಮ ಪೆಟ್ಟಿಗೆಯ ಸರದಿ. ಅದನ್ನು ನೋಡಿಕೊಳ್ಳುವವಳು ನನ್ನ ಮೊಮ್ಮಗಳು ರಾಚವ್ವ. ಪೆಟ್ಟಿಗೆ ಕೆಲಸದ ನಡುವೆ ತೂಕಡಿಸುತ್ತದೆ, ಕಿಂಡಿಗಳು ಅರ್ಧ ತೆರೆದು ನಿಲ್ಲುತ್ತವೆ ಎಂದು ಅವಳೇ ಮೊದಲು ಕಂಡಳು. ಕಾರಣವೂ ಗೊತ್ತಾಗಿದೆ. ಬೋರ್ಡಿನಲ್ಲಿ ವರ್ಷಗಳನ್ನು ಎಣಿಸಿಡಲು ಒಂದು ಸಣ್ಣ ಜಾಗವಿದೆ, ಅದು ತುಂಬುತ್ತ ಬಂದಿದೆ. ಈ ಬೇಸಿಗೆಯಲ್ಲೇ ತುಂಬಿ, ಪೆಟ್ಟಿಗೆ ನಿಂತೇಹೋಗುತ್ತದೆ. ಇನ್ನೊಂದು ಗಣಿಗೆ ನಡೆದು ಹೋಗೋಣವೆಂದರೆ ಈ ಬಿಸಿಲಲ್ಲಿ ಕೂಸುಗಳೂ ಮುದುಕರೂ ಮುಟ್ಟುವುದಿಲ್ಲ.

ಇದು ನೀವು ಮಾತಾಡಿಕೊಂಡ ವಿಷಯವೇ. ಒಬ್ಬರು ಕೇಳಿದ್ದರು, ಸುಮಾರು ಇನ್ನೂರು ವರ್ಷವಾದ ಮೇಲೆ ಇದು ಕೈಕೊಡುತ್ತದಲ್ಲ ಎಂದು. ಕೆಟ್ಟಮಿಕ್ಸಿ, "ಅಷ್ಟೊತ್ತಿಗೆ ನಮ್ಮನೆ ಮುಂದಿನ ರೋಡ್ ಕೆಲಸಾನೂ ಮುಗಿದಿರುತ್ತೆ, ಬಿಡು ಗುರು" ಎಂದ. ಪಕ್ಕದಲ್ಲಿ ಚೌಕ. ನೀನು, "ಆವಾಗ ನಮ್ಮ ಮರಿಮಕ್ಕಳು ನೋಡ್ಕೋತಾವು, ಈಗ ಚಾ ಕುಡೀರಿ" ಎಂದೆ. ಚೌಕ. ಈ ಸಾಲನ್ನು ನಾನೇ ಹಾಡಬೇಕು, ತಾಯಿ. ಎದುರಿಗೆ ಕೂತವರೆಲ್ಲ ನೀನು ಹೇಳಿದ ಆ ಮರಿಮಕ್ಕಳೇ.

ಆಮೇಲೆ ಇಬ್ಬರೂ ಉಪಾಯ ಹೇಳಿದಿರಿ. ನೀನು, "ಅದಕ್ಕ ತಾರೀಖು ಸುಳ್ಳು ಹೇಳ್ರಿ. ಹೋದ ವರ್ಷಕ್ಕ ತಿರುವಿ ಬಿಡ್ರಿ. ವಯಸ್ಸು ಕಮ್ಮಿ ಅಂದ್ರ ಯಾರಿಗೆ ಖುಷಿ ಆಗೂದಿಲ್ಲ" ಎಂದೆ. ಅದಕ್ಕವನು, "ಹಿಂದಕ್ಕೆ ತಿರುಗಿಸಿದ್ರೆ ತಾನಿನ್ನೂ ಹುಟ್ಟೇ ಇಲ್ಲ ಅಂದ್ಕೊಂಡು ಎಲ್ಲಾ ಬಾಗಿಲು ಮುಚ್ಚುತ್ತೆ. ಬ್ಯಾಟರಿ ಕಿತ್ತು ಬಿಡಿ, ಎಲ್ಲಾ ಮರೆತು ಫ್ರೆಶ್ಶಾಗಿ ಏಳುತ್ತೆ" ಎಂದ. ನೀನು, "ಹಂಗ ಕಿತ್ತರ ನಿಮ್ಮನ್ನೂ ಮರೀತದ, ಏಳೂದ ಇಲ್ಲ" ಎಂದೆ. ಒಂದೊಂದು ಸಾಲಿನ ಕೊನೆಗೂ ಚೌಕಗಳ ಗುಂಪು. ಒಂದು ಉಪಾಯ ನಮ್ಮನ್ನು ಉಳಿಸುತ್ತದೆ, ಇನ್ನೊಂದು ಕಿಂಡಿಗಳನ್ನು ಮುಚ್ಚಿಬಿಡುತ್ತದೆ; ಯಾವುದು ಯಾವುದೆಂದು ತಿಳಿಯದು. ಎರಡನೆಯ ಸಲ ಮಾಡಿ ನೋಡಲು ಯಾರೂ ಉಳಿದಿರುವುದಿಲ್ಲ.

ಅಲ್ಲಿಗೆ ಹೊಸಬ ಎಂಬ ಹೆಸರಿನವನೊಬ್ಬ ಬಂದ. "ಅಣ್ಣಾ, ಅಕ್ಕಾ, ತಮಾಷೆ ಆಮೇಲೆ ಮಾಡಿ. ನಮ್ಮಪ್ಪನ ಉಸಿರಿನ ಮೆಷಿನ್ ಇದೇ ಬೋರ್ಡ್ ಮೇಲೆ ಓಡ್ತಿದೆ. ಗಡಿಯಾರ ಹಾರಿ 2213 ಅಂತ ತೋರಿಸಿ ನಿಂತುಬಿಟ್ಟಿದೆ. ಅಮ್ಮ ಕೈಯಲ್ಲೇ ಗಾಳಿ ಒತ್ತಿ ಕೊಡ್ತಿದ್ದಾರೆ. ಯಾವುದು ನಿಜ ಹೇಳಿ." ನಿಮ್ಮ ಕಾಲದ ಯಾವುದೋ ಮನೆಯ ಒಂದು ಯಂತ್ರ ನಮ್ಮ ಈ ವರ್ಷಕ್ಕೆ ಬಂದು ನಿಂತಿತ್ತು. ನೀನು ಬರೆದೆ, "ನಂಬರ್ ಹಾಕ್ರಿ, ಈಗ ಫೋನ್ ಮಾಡ್ತೀನಿ." ಅವನು ಹಾಕಿದ. ಕೆಟ್ಟಮಿಕ್ಸಿ, "ನಾನೂ ಲೈನಿಗೆ ಬರ್ತೀನಿ" ಎಂದ. ಈ ಮೂರು ಸಾಲುಗಳ ಪಕ್ಕದಲ್ಲಿ ಚೌಕಗಳಿಲ್ಲ. ಅದರ ಕೆಳಗೆ ಏನೂ ಇಲ್ಲ.

ನಾವು ತಲೆಮಾರುಗಳಿಂದ ಆ ಜಾಗವನ್ನು ಸಿಟ್ಟಿನಿಂದ ಹಾಡುತ್ತ ಬಂದಿದ್ದೆವು, ನೀವು ಅವನನ್ನು ನಡುನೀರಿನಲ್ಲಿ ಬಿಟ್ಟು ಎದ್ದುಹೋದಿರಿ ಎಂದು. ಮೊನ್ನೆ ರಾಚವ್ವ ಹಲಗೆಯ ಮುಂದೆ ಕೂತಿದ್ದವಳು, "ಅಜ್ಜಿ, ಬಿಟ್ಟು ಹೋಗಿಲ್ಲ ಅವರು. ಫೋನಿನ್ಯಾಗ ಹೇಳ್ಯಾರ. ಅದಕ್ಕ ಇಲ್ಲಿ ಬರೆದಿಲ್ಲ" ಎಂದಳು. ಉತ್ತರ ಇತ್ತು. ಅದು ಒಬ್ಬನ ಕಿವಿಗೆ ಮುಟ್ಟಿ ಅಲ್ಲೇ ಮುಗಿದುಹೋಯಿತು. ನೀವು ಮಾಡಿದ್ದು ಒಳ್ಳೆಯ ಕೆಲಸವೇ. ನಮ್ಮ ಪಾಲಿಗೆ ಮಾತ್ರ ಬಾಗಿಲು ಮುಚ್ಚಿತು.

ನಿನ್ನೆ ಖಾಸಿಂಸಾಬ ನಮ್ಮ ಅಂಕಣಕ್ಕೆ ಬಂದ. ಕೂರು ಎಂದರೂ ಕೂರಲಿಲ್ಲ. "ಗುರವ್ವಕ್ಕ, ನನ್ನ ಮಿಕ್ಸಿ ಹೇಳಿದ್ದು ಚ್ಯಾಷ್ಟಿ ಅನಸ್ತದ. ನಿನ್ನ ಹುಣಸೆಬೀಜಂದ ಖರೆ ಇರಬೇಕು" ಎಂದ. ಇಷ್ಟು ವರ್ಷ ಸೋಲೊಪ್ಪದವನ ಬಾಯಲ್ಲಿ ಈ ಮಾತು ಕೇಳಿ ನನಗೆ ಗೆದ್ದೆ ಅನ್ನಿಸಬೇಕಿತ್ತು. ನಾನು, "ಇಲ್ಲೋ ತಮ್ಮಾ, ನನ್ನಾಕಿನ ಚ್ಯಾಷ್ಟಿ ಮಾಡ್ಯಾಳ. ನಿನ್ನವನ ಮಾತಿನಾಗ ಒಂದು ತೂಕ ಅದ" ಎಂದೆ. ಹೀಗೆ ಇಬ್ಬರೂ ನಮ್ಮ ನಮ್ಮ ಹೊರೆಯನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಲು ನೋಡಿದೆವು. ನಾವು ಹೊತ್ತವರ ಮಾತಿನಿಂದ ಮಕ್ಕಳು ಸಾಯಬಾರದಲ್ಲ. ಕೊನೆಗೆ ರಾಚವ್ವ ನಡುವೆ ಬಾಯಿ ಹಾಕಿ, "ಮುದುಕರ ಜಗಳ ಸಾಕು" ಎಂದಳು. "ಮೊದಲ ನಂಬರ್ ಕೇಳಿದಾಕಿ ಹುಣಸೆಬೀಜ. ಉತ್ತರ ಗೊತ್ತಿದ್ದವರ ಮೊದಲ ಕೈ ಚಾಚ್ತಾರ. ನಾ ತಾರೀಖು ತಿರುವಾಕಿ" ಎಂದು ತೀರ್ಮಾನ ಹೇಳಿದಳು. ಖಾಸಿಂಸಾಬ ತಲೆ ಆಡಿಸಿದ. ನಾನು ಆಡಿಸಲಿಲ್ಲ. ಉತ್ತರ ಗೊತ್ತಿಲ್ಲದವರೂ ಕೈ ಚಾಚುತ್ತಾರೆ ಎಂದು ನನಗೆ ಗೊತ್ತು. ಬರೀ ಧೈರ್ಯ ಹೇಳಲೆಂದು ನೀನು ಫೋನ್ ಮಾಡಿರಬಹುದು. ಬ್ಯಾಟರಿ ಕೀಳು ಎಂದು ಹೇಳಿ ಆ ಹೊಸಬನ ಅಪ್ಪನನ್ನು ಉಳಿಸಿದವನು ಕೆಟ್ಟಮಿಕ್ಸಿಯೇ ಇರಬಹುದು. ಪೆಟ್ಟಿಗೆಯ ಕೋಣೆಗೆ ಒಬ್ಬರೇ ಹೋಗಿ, ಒಳಗಿನಿಂದ ಕದ ಹಾಕಿಕೊಂಡು ಮಾಡುವ ಕೆಲಸ ಅದು. ಕಿಂಡಿ ಮುಚ್ಚಿದರೆ ಮೊದಲು ಗಾಳಿ ಮುಗಿಯುವುದು ಆ ಕೋಣೆಯಲ್ಲಿ.

ಅದಕ್ಕೇ ಈ ಕಾಗದ. ನಿಮ್ಮ ಜಗಳದ ಕೆಳಗೆ ಉತ್ತರಿಸಿ ಎಂಬ ಖಾನೆ ಇನ್ನೂ ಹಾಗೇ ಇದೆ. ಅದರಲ್ಲಿ ಏನು ಬರೆದರೂ ಹಲಗೆ ಕಳಿಸಲಾಗಿದೆ ಎನ್ನುತ್ತದೆ. ಎಲ್ಲಿಗೆ ಎಂದು ಹೇಳುವುದಿಲ್ಲ. ನಮ್ಮವರು ತೀರಿಕೊಂಡವರಿಗೆ ಹೇಳಲು ಉಳಿದ ಮಾತುಗಳನ್ನೂ ಅದರಲ್ಲೇ ಬರೆಯುತ್ತಾರೆ. ಬರೆಯುವುದು ಬಿಟ್ಟು ನನಗೆ ಬೇರೆ ದಾರಿ ತೋಚಲಿಲ್ಲ.

ನಿಮ್ಮ ಚ್ಯಾಷ್ಟಿ ಬಿಡಿ ಎಂದು ನಾನು ಕೇಳುವುದಿಲ್ಲ, ತಾಯಿ. ಈ ಕತ್ತಲಲ್ಲಿ ನಮ್ಮ ಮಕ್ಕಳು ನಗುವುದನ್ನು ಕಲಿತದ್ದು ನಿಮ್ಮಿಂದಲೇ. ಯಾರ ಮುಖವೂ ಕಾಣದಿದ್ದರೂ ಅಷ್ಟು ಹೊತ್ತು ಕೂತು ಜಗಳವಾಡಿದಿರಲ್ಲ, ಅದರಿಂದಲೇ ನಾವು ಉಸಿರಾಡುತ್ತಿದ್ದೇವೆ. ಕೇಳುವುದು ಇಷ್ಟೇ. ಆ ಹುಡುಗನ ಜೊತೆ ಮಾತಾಡಿ ಫೋನ್ ಇಟ್ಟ ಮೇಲೆ ಎದ್ದುಹೋಗಬೇಡ. ತಿರುಗಿ ಕಟ್ಟೆಗೆ ಬಾ. ಯಾವುದು ಕೆಲಸ ಮಾಡಿತು ಎಂದು ಒಂದು ಸಾಲು ಬರೆ. ಅವನ ಅಪ್ಪ ಉಳಿದನೋ ಇಲ್ಲವೋ, ಅದನ್ನೂ ಬರೆ. ಅವನ ಸುದ್ದಿಗಾಗಿ ಇಲ್ಲಿ ಎಷ್ಟೋ ತಲೆಮಾರು ಕಾದಿದೆ. ಕೆಲಸ ಮುಗಿಯಿತು, ಇನ್ನು ಇದನ್ನು ಯಾರು ಓದುತ್ತಾರೆ ಎಂದು ನಿನಗೆ ಅನ್ನಿಸುತ್ತದೆ. ನಾನು ಓದುತ್ತೇನೆ.

ಹಲಗೆಯ ಮುಂದೆಯೇ ಕೂತಿದ್ದೇನೆ. ರಾಚವ್ವ ರೊಟ್ಟಿ ತಿಂದು ಕೈ ತೊಳೆದಳು. ಕೋಣೆಯ ಕಡೆ ಹೋಗುವ ಮುಂಚೆ ನನ್ನ ಹಿಂದೆ ಬಂದು ನಿಂತು, ಏನಾದರೂ ಬಂತೇ ಅಜ್ಜಿ ಎಂದು ಕೇಳುತ್ತಾಳೆ. ಅವಳಿಗೆ ಹೇಳಲು ನನಗೊಂದು ಸಾಲು ಕೊಡು.