ಕೈಬಿಟ್ಟುಹೋದ ಬಂದರು ಪಟ್ಟಣ

ಮಂಗಳವಾರ, ಹದಿನಾಲ್ಕನೇ ತಾರೀಖು.

ಅಕ್ಷರ ಸೊಟ್ಟಗಿವೆ, ಕಾಗುಣಿತವೂ ತಪ್ಪಿರಬಹುದು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟ ಕೈ ಇದು, ಮನ್ನಿಸಬೇಕು.

ಬಂದರು ಪಟ್ಟಣ ಹೋಯಿತು. ತನ್ನ ಮದುವೆಗೆ ಮುಂಚೆ ಅಕ್ಕ ನನ್ನ ಫೋನಿನಲ್ಲಿ ಕಟ್ಟಿದ್ದ ಪಟ್ಟಣ ಅದು. ಸಾಮ್ರಾಜ್ಯದ ಆಟಕ್ಕೆ ನಿನ್ನೆ ಹೊಸ ನಿಯಮ ಬಂದಿದೆ. ರಾಣಿ ಒಬ್ಬಳೇ ಐದು ಪ್ರಾಂತ್ಯ ಮಾತ್ರ ಆಳಬಹುದು. ಉಳಿದವನ್ನು ಆಟವಾಡುವ ಗೆಳೆಯರಿಗೆ ವಹಿಸಬೇಕು, ಇಲ್ಲವಾದರೆ ದಂಗೆ. ಅಕ್ಕ ಈಗ ಆಡುವುದಿಲ್ಲ.

ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು ಆಡುತ್ತಾಳೆ. ನಿನ್ನೆ ಅವಳೇ ಕೇಳಿದ್ದಳು, "ಏನೇ ಮಹಾರಾಣಿ, ನಂಗೂ ಒಂದು ಊರು ಕೊಡೇ. ಬಾಯಿ ಬಿಟ್ರೆ ಮುತ್ತು ಉದುರಿಹೋಗುತ್ತಾ ನಿಂಗೆ?" ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿ ಗುಂಡಿ ಹೊಲಿದೆ. ನನ್ನ ಏಳು ಪ್ರಾಂತ್ಯಗಳನ್ನೂ ನಾನೇ ಇಟ್ಟುಕೊಂಡೆ. ಸಂಜೆಗೆ ದಂಗೆಯೆದ್ದು ಬಂದರು ಕೈಬಿಟ್ಟುಹೋಯಿತು.

ಈಗ ಬೆಟ್ಟದ ಕೋಟೆಯಲ್ಲೂ ಗದ್ದಲ. ಅದನ್ನು ನೋಡಿಕೊಳ್ಳುತ್ತೀಯಾ ಎಂದು ನಿನ್ನೆ ಮಲಗುವ ಮುಂಚೆ ಆಟದಲ್ಲೇ ಅವಳಿಗೆ ಕರೆ ಕಳಿಸಿದೆ. ಇವತ್ತು ಅವಳು ಕೆಲಸಕ್ಕೆ ಬರಲಿಲ್ಲ. ಉತ್ತರವೂ ಇಲ್ಲ. ಊಟದ ಹೊತ್ತಿನಲ್ಲಿ ಅಂಗಡಿ ಎಷ್ಟು ದೊಡ್ಡದೆನಿಸಿತು. ನಾಳೆ ಬಂದರೆ ಏನೆನ್ನಲಿ?

ಬೆಳಿಗ್ಗೆ ಕಸ ಗುಡಿಸುವಾಗ, ಗೋಡೆಗೆ ಮುಖ ಮಾಡಿದ್ದ ನನ್ನ ಸ್ಟೂಲನ್ನು ಅವಳ ಮೇಜಿನ ಕಡೆ ತಿರುಗಿಸಿಟ್ಟಿದ್ದೆ.