ಕ್ಲೀನರ್ ಬದಿಯ ಪೆಟ್ಟಿಗೆ

ದಹಿಸರ್, ಮುಂಬಯಿ
11 ಫೆಬ್ರವರಿ 2025

ಉಸ್ತಾದ್ ಧರ್ಮಣ್ಣನವರ ಪಾದಕ್ಕೆ ನಿಮ್ಮ ಹಳೆಯ ಕ್ಲೀನರ್ ಮೋನಪ್ಪ ಮಾಡುವ ನಮಸ್ಕಾರ.

ಮೂವತ್ತಾರು ವರ್ಷದ ಮೇಲೆ ಇವನಿಗೆ ನನ್ನ ನೆನಪು ಯಾಕಾಯಿತು ಎಂದು ಕೇಳುತ್ತೀರಿ. ಕೇಳಬೇಕಾದದ್ದೇ. ಮಾತಿನಲ್ಲೇ ಬದುಕು ಕಟ್ಟಿಕೊಂಡವನು ನಾನು. ಕರಕರ ಎನ್ನುವ ಗೇರ್‌ಬಾಕ್ಸನ್ನು ಹಾಡುತ್ತದೆ ಎಂದು ಹೇಳಿ ಮಾರಿದ್ದೇನೆ. ಆದರೂ ಈ ಕಾಗದವನ್ನು ನಾಲ್ಕು ಸಲ ಹರಿದು ಐದನೆಯ ಸಲ ಬರೆಯುತ್ತಿದ್ದೇನೆ. ವಿಳಾಸ ಕೊಟ್ಟವಳು ನಿಮ್ಮ ಮಗಳು ಮಹಾದೇವಿ. ಫೋನ್ ಮಾಡಲೇ ಎಂದರೆ, "ಅಪ್ಪಗ ಕಿವಿ ಮಂದ ಆಗ್ಯಾವ ಕಾಕಾ, ಬರದ್ರ ಓದತಾನ" ಎಂದಳು.

ಮೊದಲು ಒಳ್ಳೆಯ ಸುದ್ದಿ ಹೇಳುತ್ತೇನೆ. ನಮ್ಮ ಲಾರಿ, ಗೂಗಿ, ಸಿಕ್ಕಿದೆ.

ನನ್ನ ಈಗಿನ ಕೆಲಸವೇ ಅದು. ಎಂಜಿನ್ನಿನ ಮೇಲೆಯೇ ಕ್ಯಾಬಿನ್ ಕೂತಿರುವ ಆ ಕಾಲದ ಮೂತಿಯಿಲ್ಲದ ಲಾರಿಗಳನ್ನು ಹುಡುಕಿ ತರುತ್ತೇನೆ, ಹೊಸದರಂತೆ ಮಾಡಿ ನಿಲ್ಲಿಸುತ್ತೇನೆ. ಆಗ ಬೈದುಕೊಂಡು ಓಡಿಸುತ್ತಿದ್ದೆವು, ಈಗ ವಿಂಟೇಜ್ ಎನ್ನುತ್ತಾರೆ. ಸಿನಿಮಾದವರು ಬಾಡಿಗೆಗೆ ಒಯ್ಯುತ್ತಾರೆ, ಇಲ್ಲಿರುವ ನಮ್ಮ ಊರ ಕಡೆಯ ಹೋಟೆಲಿನವರು ಶೋಭೆಗೆಂದು ಬಾಗಿಲಲ್ಲಿ ನಿಲ್ಲಿಸುತ್ತಾರೆ. ಹೋದ ವರ್ಷ ಕಾಂದಿವಲಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ವಾಚ್‌ಮನ್ ಮಲಗಲು ಇಟ್ಟುಕೊಂಡಿದ್ದ ಒಂದು ಕ್ಯಾಬಿನ್ ನೋಡಲು ಹೋದೆ. ಡ್ರೈವರ್ ಬದಿ ಒಳಕ್ಕೆ ನುಗ್ಗಿತ್ತು. ಗೂಬೆಯದೇ ಚಪ್ಪಟೆ ಮುಖ, ಎರಡು ಗುಂಡು ಕಣ್ಣು. ನೀವು ಗೂಗಿ ಎಂದು ಹೆಸರಿಟ್ಟದ್ದು ಸುಮ್ಮನೆಯೇ? ಒಳಗೆ ಹತ್ತಿ ಗಾಜಿನ ಮೇಲಿನ ತಗಡನ್ನು ಬೆರಳಲ್ಲಿ ಒರೆಸಿದೆ. ನೀವು ಮೊಳೆಯಿಂದ ಗೀಚಿದ ನಿಮ್ಮ ಮನೆಯವರ ಹೆಸರು ಕನ್ನಡದಲ್ಲಿ ಹಾಗೇ ಇತ್ತು: ಹಾಲವ್ವ. ಎಂಜಿನ್ ಮುಚ್ಚಳದ ಮೇಲೆ ಅಕ್ಕ ಕಟ್ಟಿಕೊಟ್ಟ ರೊಟ್ಟಿ ಡಬ್ಬಿಯನ್ನು ಬಿಸಿಗೆಂದು ಇಟ್ಟು ಇಟ್ಟು ಬಿದ್ದ ದುಂಡನೆಯ ಕಲೆಯೂ ಇತ್ತು.

ಭಿವಂಡಿಯಲ್ಲಿ ಅದಕ್ಕೆ ಹೊಂದುವ ಚಾಸಿ ಸಿಕ್ಕಿತು. ಕ್ಯಾಬಿನ್ನಿನ ಬಣ್ಣವನ್ನು ಪದರ ಪದರವಾಗಿ ಕೆರೆದು ನಮ್ಮ ಕಾಲದ ಹಸಿರನ್ನು ಹಿಡಿದೆ. ಅಕ್ಕನ ಹೆಸರನ್ನೂ ಆ ಕಲೆಯನ್ನೂ ಮುಟ್ಟಲಿಲ್ಲ.

ಇನ್ನು ಘಾಟಿಯ ವಿಷಯ. ನಿಮಗೆ ಗೊತ್ತಿರುವುದೇ, ಆದರೂ ಒಂದು ಸಲ ಸರಿಯಾಗಿ ಬರೆಯುತ್ತೇನೆ. ಸೊಲ್ಲಾಪುರದ ಈರುಳ್ಳಿ ತುಂಬಿಕೊಂಡು ಖಂಡಾಲಾ ಇಳಿಯುತ್ತಿದ್ದೆವು. ಬೆಳಗಿನ ಹೊತ್ತು. ಬ್ರೇಕ್ ಹೋಯಿತು. ನೀವು ಕಿರುಚಲಿಲ್ಲ, ಗೇರ್ ಇಳಿಸಿ ವೇಗ ಕಡಿಮೆ ಮಾಡಿ, "ಮೋನ್ಯಾ, ತುಂಡು ತಗೊಂಡು ಜಿಗಿ" ಎಂದಿರಿ. ನನ್ನ ಸೀಟಿನಡಿಯ ಪೆಟ್ಟಿಗೆಯಲ್ಲಿ ಜಾಲಿಮರದ ತುಂಡು ಇರುತ್ತಿತ್ತು. ಅದನ್ನು ಹಿಡಿದು ಹಾರಿ ಹಿಂದಿನ ಚಕ್ರದ ಮುಂದೆ ತಳ್ಳುವುದು, ಕ್ಲೀನರ್ ಆದವನಿಗೆ ನೀವು ಮೊದಲ ದಿನವೇ ಕಲಿಸಿದ ಕೆಲಸ. ವಿಲೆ ಪಾರ್ಲೆಯ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದವನನ್ನು ಕರೆತಂದು ಕಲಿಸಿದ್ದಿರಿ.

ನಾನು ಹಾರಿದೆ. ಎಡಗಡೆ ಕಣಿವೆ ಎಂದು ನೀವು ಲಾರಿಯನ್ನು ಬಲಗಡೆಯ ಗುಡ್ಡಕ್ಕೆ ಗುದ್ದಿಸಿದಿರಿ. ಮೂತಿಯಿಲ್ಲದ ಲಾರಿಗೆ ಮುಂದೆ ತಾಗುವುದು ಡ್ರೈವರನ ಮೊಣಕಾಲು. ಎರಡೂ ಹೋದವು.

ಆಸ್ಪತ್ರೆಯಲ್ಲಿ ನಾನು ಹೇಳಿದ್ದು ನಿಮಗೆ ನೆನಪಿರಬಹುದು. ತುಂಡು ಇಟ್ಟೆ ಉಸ್ತಾದ್, ಚಕ್ರ ಅದನ್ನು ಸಿಡಿಸಿ ಕಣಿವೆಗೆ ಹಾಕಿತು ಎಂದೆ. ನೀವು ನನ್ನ ಮುಖ ನೋಡಿ, "ಇರಲಿ ಬಿಡೋ, ನೀ ಉಳದ್ಯಲ್ಲ" ಎಂದಿರಿ. ನೀವು ಊರಿಗೆ ಹೋದಿರಿ. ನಾನು ಡ್ರೈವರ್ ಆದೆ, ಮಾಲಕನಾದೆ. ಕತೆಯೂ ನನ್ನ ಜೊತೆಗೆ ಬೆಳೆಯಿತು. ಗ್ಯಾರೇಜ್ ಹಾಕುವ ಹೊತ್ತಿಗೆ ಆ ಕತೆಯಲ್ಲಿ ನಾನು ತುಂಡನ್ನು ಎರಡು ಸಲ ಇಟ್ಟಿದ್ದೆ. ಮೊನ್ನೆ ಭಾನುವಾರ ವಿಲೆ ಪಾರ್ಲೆಯಲ್ಲಿ ನಮ್ಮವರು ಗೂಗಿಯನ್ನು ನಿಲ್ಲಿಸಿ ನನಗೆ ಶಾಲು ಹೊದಿಸಿದಾಗ ಮೂರನೆಯ ಸಲವೂ ಇಟ್ಟೆ, ಕೈಯ ಹಳೆಯ ಗಾಯದ ಗುರುತನ್ನೂ ತೋರಿಸಿದೆ. ಅದು ಹೋಟೆಲಿನ ಕಾವಲಿ ತಾಗಿ ಸುಟ್ಟದ್ದು.

ಉಸ್ತಾದ್, ನಾನು ಬರಿಗೈಯಲ್ಲಿ ಹಾರಿದ್ದೆ. ಪೆಟ್ಟಿಗೆಯ ಕಡೆ ಬಗ್ಗಲೇ ಇಲ್ಲ. ಬಗ್ಗಿದ್ದರೂ ಲಾರಿ ನಿಲ್ಲುತ್ತಿತ್ತೋ ಇಲ್ಲವೋ, ಆ ಲೆಕ್ಕವನ್ನು ಬೇಕಾದಷ್ಟು ಸಲ ನನ್ನ ಕಡೆಗೆ ವಾಲಿಸಿ ಹಾಕಿ ನೋಡಿದ್ದೇನೆ. ಕೊನೆಗೆ ಉಳಿಯುವುದು ಒಂದೇ, ನೀವು ಹೇಳಿದ್ದನ್ನು ನಾನು ಮಾಡಲಿಲ್ಲ. ಗೂಗಿಯ ಪೆಟ್ಟಿಗೆಯ ಚಿಲಕ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ತೆರೆಸಿದಾಗ ತುಂಡು ಒಳಗೇ ಇತ್ತು, ಒಂದು ಗೀರೂ ಇಲ್ಲದೆ. ಅದನ್ನು ನೋಡಿದ ಮೇಲೆ ಮನಸ್ಸು ತಡೆಯದೆ ಬರೆಯಲು ಕೂತೆ.

ಮಾರ್ಚ್ ಎರಡರಂದು ಹಳೆಯ ಗಾಡಿಗಳ ಮೆರವಣಿಗೆ ಇದೆ. ಲಾರಿಯ ಪಕ್ಕ ನನ್ನ ಸಾಹಸ ಬರೆಸಿದ್ದ ಬೋರ್ಡನ್ನು ತೆಗೆಸಿದ್ದೇನೆ. ನೀವು ಡ್ರೈವರ್ ಸೀಟಿನಲ್ಲಿ ಒಂದು ಗಳಿಗೆ ಕೂತರೆ ಸಾಕು, ಕ್ಲಚ್ ತುಳಿಯಬೇಕಾಗಿಲ್ಲ. ಹತ್ತಿಸಿ ಇಳಿಸಲು ನಾನಿದ್ದೇನೆ. ಘಾಟಿಯಲ್ಲಿ ನಡೆದದ್ದನ್ನು ಅಲ್ಲಿ ಎಲ್ಲರೆದುರು ಹೇಳುತ್ತೇನೆ. ಈ ಕಾಗದದಲ್ಲೂ ನಾನು ಏನನ್ನೋ ಮಾರುತ್ತಿದ್ದೇನೆ ಅನಿಸಿದರೆ ಬರಬೇಡಿ. ನೀವು ಬಾರದಿದ್ದರೂ ಅಂದು ಹೇಳುತ್ತೇನೆ.

ಹಾಲವ್ವಕ್ಕನಿಗೆ ನಮಸ್ಕಾರ ತಿಳಿಸಿ. ಅವರಿಗೆ ಇದನ್ನು ಓದಿ ಹೇಳಬೇಕೋ ಬೇಡವೋ ನಿಮಗೆ ಬಿಟ್ಟದ್ದು.

ಇತಿ ನಿಮ್ಮ ಕೈಕೆಳಗೆ ಕಲಿತವನು,
ಮೋನಪ್ಪ

ಮರೆತಿದ್ದು: ಮರೆತದ್ದಲ್ಲ, ಬಿಟ್ಟದ್ದು. ಪೆಟ್ಟಿಗೆ ತೆರೆಸಿದ್ದು ಈಗಲ್ಲ, ದಸರೆಯ ಹೊತ್ತಿಗೆ. ತುಂಡನ್ನು ಸುಟ್ಟುಹಾಕುವ ಧೈರ್ಯವೂ ಬರಲಿಲ್ಲ. ಒಳಗೇ ಇಟ್ಟು ಮುಚ್ಚಳಕ್ಕೆ ವೆಲ್ಡಿಂಗ್ ಮಾಡಿಸಿ ಮೇಲೆ ಹಸಿರು ಬಣ್ಣ ಬಳಿಸಿದೆ. ಭಾನುವಾರ ಶಾಲು ಇನ್ನೂ ನನ್ನ ಹೆಗಲ ಮೇಲಿರುವಾಗ ಒಬ್ಬ ಹೆಂಗಸು ಕ್ಯಾಬಿನ್ ಹತ್ತಿದಳು, ಧರ್ಮಣ್ಣನ ಮಗಳು ಮಹಾದೇವಿ ಎಂದಳು, ನೇರ ಆ ಮುಚ್ಚಳದ ಅಂಚಿಗೆ ಕೈಯಿಟ್ಟಳು. "ಇದನ್ಯಾಕ ಬೆಸಿಗಿ ಹಾಕಿಸೀರಿ ಕಾಕಾ? ಕಾಲು ಸಿಕ್ಕಿಬಿದ್ದು ಎಂಜಿನ್ ಮ್ಯಾಲ ಬಿದ್ದಾಗ ಅಪ್ಪ ಎರಡು ತಾಸು ಇದರ ಚಿಲಕಾ ನೋಡಕೋತ ಇದ್ನಂತ. ಹಾಕಿದ್ದು ಹಾಕಿದಂಗ ಇತ್ತಂತ." ಬೈಯಲಿಲ್ಲ, ದನಿ ಏರಿಸಲೂ ಇಲ್ಲ. ಅವಳು ಕೇಳದೆ ಹೋಗಿದ್ದರೆ ಈ ಕಾಗದ ಇರುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ವೆಲ್ಡಿಂಗನ್ನು ನಾನೇ ಕೊಯ್ದೆ. ಮುಚ್ಚಳ ತೆರೆದೇ ಇದೆ.